ಖಾಲಿ ಕಣದ ಕಾವಲು

ಈ ವರ್ಷದ ಮಾರ್ಚ್‌ನಲ್ಲಿ ನಮ್ಮ ಕಾಫಿಯ ಕೊನೆಯ ಮೂಟೆ ಪಿಕಪ್ ಹತ್ತಿ ಮೂಡಿಗೆರೆಗೆ ಹೋಯಿತು. ಕಣವನ್ನು ನಾನೇ ಗುಡಿಸಿದೆ. ಮೂಲೆಯಲ್ಲಿ ಒಂದಿಷ್ಟು ಒಣ ಸಿಪ್ಪೆ ಬಿಟ್ಟರೆ ಸಿಮೆಂಟಿನ ಮೇಲೆ ಏನೂ ಉಳಿದಿರಲಿಲ್ಲ. ಅವತ್ತು ಊಟ ಮುಗಿಸಿ ಕೈ ತೊಳೆದ ನಮ್ಮ ಮನೆಯವರು ಎಂದಿನ ಹಾಗೆ ಚಾಪೆ, ಕಂಬಳಿ, ಟಾರ್ಚು ಎತ್ತಿಕೊಂಡರು.

"ಎಲ್ಲಿಗೆ?" ಎಂದೆ.

"ಕಣಕ್ಕೆ."

"ಅಲ್ಲಿ ಎಂತ ಇದೆ ಕಾಯೋಕೆ?"

ಬಾಗಿಲಲ್ಲಿ ನಿಂತು ಸ್ವಲ್ಪ ಯೋಚಿಸಿದರು. "ಆನೆ ಬಂದ್ರೆ?" ಎಂದರು.

ಆನೆ ಬಂದರೆ ಐವತ್ತು ದಾಟಿದ ಗಂಡಸೊಬ್ಬ ಚಾಪೆಯ ಮೇಲೆ ಮಲಗಿಕೊಂಡು ಅದನ್ನು ಏನು ಮಾಡುತ್ತಾನೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ. ಅವರು ಹೋದರು. ನಾನು ಬಾಗಿಲು ಹಾಕಿಕೊಂಡೆ.

ನಮ್ಮ ಕಡೆಯವರಲ್ಲದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕುಯ್ದ ಕಾಫಿಯನ್ನು ಮನೆ ಹತ್ತಿರದ ಕಣದಲ್ಲಿ ಹರವಿ ವಾರಗಟ್ಟಲೆ ಒಣಗಿಸುತ್ತೇವೆ. ಅದು ಒಣಗಿ ಮೂಟೆ ಕಟ್ಟುವವರೆಗೆ ಮನೆಯ ಗಂಡಸೊಬ್ಬ ಕಣದ ಶೆಡ್ಡಿನಲ್ಲಿ ಮಲಗಬೇಕು. ಕಾಫಿಗೆ ಬೆಲೆ ಬಂದ ಮೇಲಂತೂ ಕಳ್ಳರಿಗೂ ಅದರ ರುಚಿ ಹತ್ತಿದೆ. ಕಣದಲ್ಲಿ ಕಾಫಿ ಬಿಟ್ಟು ಮನೆಯೊಳಗೆ ಬೆಚ್ಚಗೆ ಮಲಗುವವನನ್ನು ಊರು ಸೋಮಾರಿ ಅನ್ನುತ್ತದೆ. ಹಾಗಾಗಿ ಡಿಸೆಂಬರಿನಿಂದ ಸುಗ್ಗಿ ಮುಗಿಯುವ ತನಕ ಗಂಡಸು ಹೆಂಡತಿಯನ್ನು ಬಿಟ್ಟು ಹೊರಗೆ ಮಲಗಿದರೆ ಯಾರೂ ಯಾಕೆ ಎಂದು ಕೇಳುವುದಿಲ್ಲ. ಬದಲಿಗೆ ಭೇಷ್ ಅನ್ನುತ್ತಾರೆ. ಇಂಥ ಸೌಕರ್ಯ ಬಯಲುಸೀಮೆಯ ಗಂಡಸರಿಗೆ ಇದೆಯೋ ಇಲ್ಲವೋ ನಾನರಿಯೆ.

ಗೋಣಿಬೀಡಿನಿಂದ ಸ್ವಲ್ಪ ಒಳಗೆ ನಮಗೆ ನಾಲ್ಕೆಕರೆ ಕಾಫಿ, ಅದರ ನೆರಳಿನ ಮರಗಳಿಗೆ ಹಬ್ಬಿಸಿದ ಕಾಳುಮೆಣಸು. ತೋಟ ಅವರದು. ನನ್ನದು ಬಸ್ ನಿಲ್ಲುವ ಜಾಗದ ಪಕ್ಕದಲ್ಲಿ ಒಂದು ಲೇಡೀಸ್ ಟೈಲರ್ ಅಂಗಡಿ. ಬಿ.ಎ. ಮುಗಿಸಿ ಮದುವೆಯಾಗಿ ಬಂದವಳು, ಸುಮ್ಮನೆ ಕೂರಲಾರದೆ ಮಷೀನಿನ ಮುಂದೆ ಕೂತೆ. ಒಬ್ಬಳೇ ಮಗಳು ಚಿಕ್ಕಮಗಳೂರಿನ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಾಳೆ. ಮನೆಯಲ್ಲಿ ನಾವಿಬ್ಬರೇ. ನಾವಿಬ್ಬರೇ ಎಂದು ಹೇಳುವುದು ಕೂಡ ಈಚೆಗೆ ಸುಳ್ಳು ಹೇಳಿದ ಹಾಗಾಗುತ್ತಿತ್ತು.

ಶುರುವಾದದ್ದು ಹೋದ ವರ್ಷದ ಮಳೆಗಾಲದಲ್ಲಿ. ಸುತ್ತಿ ಬಳಸಿ ಹೇಳುವುದರಲ್ಲಿ ಏನೂ ಅರ್ಥವಿಲ್ಲ. ಹಾಸಿಗೆಯಲ್ಲಿ ಗಂಡಸಿಗೆ ಆಗಬೇಕಾದದ್ದು ಅವರಿಗೆ ಆಗಲಿಲ್ಲ. ಮೊದಲ ಸಲ "ದಣಿವು ಮಾರಾಯ್ತಿ" ಎಂದರು. ನಾನೂ ಹೌದೆಂದುಕೊಂಡೆ. ಅವತ್ತು ಬೆಳಗಿನಿಂದ ಸಂಜೆಯವರೆಗೆ ಗಿಡಗಳಿಗೆ ಕೊಳೆರೋಗದ ಔಷಧಿ ಮೈಲುತುತ್ತ ಹೊಡೆಸಿ ಬಂದಿದ್ದರು, ಉಗುರಿನ ಸಂದಿಯೆಲ್ಲ ನೀಲಿಯಾಗಿತ್ತು. ಎರಡನೆಯ ಸಲ ಗೋಡೆಯ ಕಡೆ ತಿರುಗಿ ಮಲಗಿದರು. ಮೂರನೆಯ ಸಲ ಎದ್ದು ಹೋಗಿ ಅಡುಗೆಮನೆಯಲ್ಲಿ ನೀರು ಕುಡಿದು ಅಲ್ಲೇ ತುಂಬ ಹೊತ್ತು ನಿಂತಿದ್ದರು. ಆಮೇಲೆ ಸಲಗಳೇ ನಿಂತುಹೋದವು.

ನಿಂತದ್ದು ಅದೊಂದೇ ಆಗಿದ್ದರೆ ನಾನು ಇಷ್ಟೆಲ್ಲ ಬರೆಯುತ್ತಿರಲಿಲ್ಲ. ಅದರ ಜೊತೆಗೆ ಉಳಿದದ್ದೆಲ್ಲವೂ ನಿಂತಿತು. ಹಾದು ಹೋಗುವಾಗ ಹೆಗಲ ಮೇಲೆ ಕೈಯಿಡುವುದು, ಮಲಗಿದಾಗ ನನ್ನ ಬೆನ್ನಿಗೆ ಬೆನ್ನು ತಾಗಿಸುವುದು, ನಾನು ಮಷೀನಿನಲ್ಲಿ ಕೂತು ಕುತ್ತಿಗೆ ನೋವೆಂದರೆ ಎರಡು ಬೆರಳಿನಲ್ಲಿ ಒತ್ತುವುದು. ಮುಟ್ಟಿದರೆ ನಾನು ಮುಂದಿನದನ್ನು ಕೇಳಿಬಿಡುತ್ತೇನೋ ಎಂಬ ಹಾಗೆ ದೂರ ಸರಿದು ಓಡಾಡತೊಡಗಿದರು. ಡಿಸೆಂಬರ್ ಬಂದು ಕುಯ್ಲು ಶುರುವಾದಾಗ ಅವರ ಮುಖದಲ್ಲಿ ಬಂದ ಗೆಲುವು ಕಾಫಿ ಬೆಲೆಯಿಂದ ಎಂದೇ ನಾನು ತಿಳಿದಿದ್ದೆ. ಕಣಕ್ಕೆ ಚಳಿ ಎಂದು ಅಂಗಡಿಯ ತುಂಡು ಬಟ್ಟೆಗಳನ್ನೆಲ್ಲ ಸೇರಿಸಿ ದಪ್ಪನೆಯ ಕೌದಿ ಹೊಲಿದುಕೊಟ್ಟವಳೂ ನಾನೇ.

ನಾನು ಹೆಂಗಸು, ಅದರಲ್ಲೂ ಟೈಲರ್. ತಪ್ಪು ನನ್ನ ಅಳತೆಯಲ್ಲೇ ಇರಬೇಕು ಎನ್ನುವುದು ಮೊದಲು ಹೊಳೆದ ಯೋಚನೆ. ಕನ್ನಡಿಯಲ್ಲಿ ಹೊಟ್ಟೆ ನೋಡಿಕೊಂಡೆ, ಕೂದಲಿಗೆ ಬಣ್ಣ ಹಾಕಿದೆ. ಸಂಕ್ರಾಂತಿಯ ಹೊತ್ತಿಗೆ ತೆಳು ಬಟ್ಟೆಯಲ್ಲಿ ಒಂದು ನೈಟಿ ಹೊಲಿದುಕೊಂಡೆ. ಕತ್ತಿಗೆ ಸಣ್ಣ ಲೇಸು ಇಟ್ಟಿದ್ದೆ. ಬೇರೆ ಯಾರಾದರೂ ನನ್ನ ವಯಸ್ಸಿನವಳು ಬಂದು ಹಾಗೆ ಹೊಲಿದುಕೊಡಿ ಅಂದಿದ್ದರೆ ಒಳಗೊಳಗೇ ನಗುತ್ತಿದ್ದೆನೋ ಏನೋ. ಊಟಕ್ಕೆ ಬಂದವರು ಅದನ್ನು ನೋಡಿದರು, ತಟ್ಟೆಯ ಕಡೆ ನೋಡಿದರು, ಅರ್ಧ ಊಟಕ್ಕೆ ಎದ್ದು, "ಮೋಟರ್ ಆಫ್ ಮಾಡಿದ್ನಾ ಇಲ್ವಾ ನೋಡ್ಬೇಕು" ಎಂದು ಹೊರಟುಬಿಟ್ಟರು. ನನಗೆ ಅವಮಾನವಾಯಿತು. ಆ ನೈಟಿಯನ್ನು ಕತ್ತರಿಸಿ ಮಷೀನ್ ಒರೆಸುವ ಬಟ್ಟೆ ಮಾಡಿಕೊಂಡೆ.

ಅಂಗಡಿಯಲ್ಲಿ ಹೆಂಗಸರು ಏನೆಲ್ಲ ಮಾತಾಡುತ್ತಾರೆ ಗೊತ್ತೇ? ಟೇಪು ಎದೆಯ ಸುತ್ತ ಬಂದರೆ ಮಾತಿಗೆ ತಡೆಯಿಲ್ಲ. ಅತ್ತೆಯ ಕಾಟ, ಗರ್ಭಕೋಶದ ಆಪರೇಷನ್, ಗಂಡನ ಕುಡಿತ, ಮೈದುನನ ಹೆಂಡತಿಯ ಚಿನ್ನ. ಆದರೆ ಹಾಸಿಗೆಯ ಈ ಒಂದು ವಿಷಯವನ್ನು ಇಷ್ಟು ವರ್ಷಗಳಲ್ಲಿ ಒಬ್ಬಳೂ ಆಡಿದ್ದಿಲ್ಲ. ನಾನೂ ಆಡಲಿಲ್ಲ. ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಪ್ರಾಣ ಹೋಗುತ್ತದೆ ಎನ್ನುವ ಸ್ಥಿತಿ. ಮಾನವೂ ನನ್ನದಲ್ಲ, ಅವರದು. ನನಗೆ ಹೇಳುವ ಹಕ್ಕಿದೆಯೇ ಎಂಬುದೇ ಗೊತ್ತಿರಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಮಲಗುವುದೇ ಎರಡು ಕಡೆಯಾದರೆ ಅದು ಮುಗಿಯುವುದು ಯಾವಾಗ?

ಮಾರ್ಚ್ ಕಳೆದರೂ ಅವರ ಕಾವಲು ಮುಗಿಯಲಿಲ್ಲ. ಕಾಫಿ ಹೋದ ಮೇಲೆ ನಾಲ್ಕು ದಿನ ಆನೆ, ಆಮೇಲೆ ಒಂದಿಷ್ಟು ದಿನ ಮೆಣಸು. ಮೆಣಸೂ ಮೂಟೆಯಾಯಿತು. ಪಕ್ಕದ ತೋಟದವರು ಬೇಲಿಯಾಚೆಯಿಂದ, "ಏನ್ ಮಾರಾಯ, ಸಿಮೆಂಟ್ ಕಿತ್ಕೊಂಡ್ ಹೋಗ್ತಾರೆ ಅಂತ ಕಾಯ್ತಾ ಇದ್ದೀಯಾ?" ಎಂದು ನಕ್ಕರು. ನಮ್ಮ ಮನೆಯವರೂ ನಕ್ಕರು. ಅಂದು ಸಂಜೆ ಮತ್ತೆ ಚಾಪೆ ಎತ್ತಿಕೊಂಡರು.

ಆ ಹೊತ್ತಿಗೆ ಅವರ ಪ್ಯಾಂಟುಗಳ ಸೊಂಟವನ್ನು ನಾನು ಎರಡು ಸಲ ಒಳಗೆ ಹಿಡಿದು ಹೊಲಿದಿದ್ದೆ. ಶರ್ಟಿನ ಹೆಗಲು ಜಾರುತ್ತಿತ್ತು. ಕೊರಗಿ ಕೊರಗಿ ಸೊರಗುತ್ತಿದ್ದಾರೆ ಎಂದುಕೊಂಡೆ. ಒಂದೊಂದು ದಿನ ಮಾತ್ರ ಬೇರೆ ಯಾರಿಗೋ ಚೆನ್ನಾಗಿ ಕಾಣಲು ಸಣ್ಣಗಾಗುತ್ತಿದ್ದಾರೆ ಎಂಬ ಕೆಟ್ಟ ಯೋಚನೆಯೂ ಬರುತ್ತಿತ್ತು. ಕಣದ ಶೆಡ್ಡಿಗೆ ಒಯ್ಯುವ ನೀರಿನ ಬಾಟಲಿ ಒಂದಿದ್ದದ್ದು ಮೂರಾಗಿತ್ತು. ಮನೆಯೊಳಗೆ ಮಲಗಿದ್ದರೆ ಎಷ್ಟು ಸಲ ಮೂತ್ರಕ್ಕೆ ಎದ್ದು ಹೋಗುತ್ತಾರೆ ಎಂದು ನನಗೆ ತಿಳಿಯುತ್ತಿತ್ತು. ಕಣದಲ್ಲಿ ಮಲಗಿದವನನ್ನು ನೋಡುವವರು ಯಾರು?

ಏಪ್ರಿಲ್‌ನ ಒಂದು ಬೆಳಗ್ಗೆ ಮೆಣಸಿನ ಬಳ್ಳಿಗೆ ನೀರು ಹಾಯಿಸುತ್ತಿದ್ದವರು ಬುಡದಲ್ಲೇ ಕುಸಿದು ಕೂತರು. ನಾನು ಅಂಗಡಿಗೆ ಹೊರಟವಳು ಅಂಗಳದಿಂದಲೇ ನೋಡಿ ಓಡಿದೆ. ಮುಖ ಬೆವರಿತ್ತು, ತಲೆ ಸಿಡಿಯುತ್ತಿದೆ ಎಂದರು. ಪಕ್ಕದ ತೋಟದವರ ಜೀಪಿನಲ್ಲಿ ಮೂಡಿಗೆರೆಯ ಆಸ್ಪತ್ರೆಗೆ ಹೋದೆವು. ಬಿಪಿ ಏರಿ ಕೂತಿತ್ತು. ಇವರಿಗೆ ಬಿಪಿ ಹಳೆಯದು, ದಿನಾ ಮಾತ್ರೆ ಇದೆ. "ಮಾತ್ರೆ ತಗೊಳ್ತಾ ಇಲ್ವಾ?" ಎಂದು ನರ್ಸ್ ಗದರಿದಾಗ ನಮ್ಮ ಮನೆಯವರು ನೆಲ ನೋಡಿದರು. ರಕ್ತ ಪರೀಕ್ಷೆಯಲ್ಲಿ ಶುಗರ್ ಕೂಡ ಬಂದಿದೆ ಎಂದು ಗೊತ್ತಾಯಿತು. ಬಿಪಿ ಇಳಿಸಿ, ಚಿಕ್ಕಮಗಳೂರಿನಲ್ಲಿ ದೊಡ್ಡ ಡಾಕ್ಟರಿಗೆ ತೋರಿಸಿ ಎಂದು ಕಳಿಸಿದರು.

ಚಿಕ್ಕಮಗಳೂರಿನ ಡಾಕ್ಟರು ವಯಸ್ಸಾದವರು, ಮೆತ್ತಗೆ ಮಾತಾಡುವವರು. ಎಲ್ಲ ರಿಪೋರ್ಟ್ ನೋಡಿ, ಕಾಲಿನ ಬೆರಳುಗಳನ್ನು ಮುಟ್ಟಿ ನೋಡಿ, ದಿನಕ್ಕೆ ಎಷ್ಟು ಬೀಡಿ ಎಂದು ಕೇಳಿ, "ಸಂಸಾರ ಹೇಗಿದೆ?" ಎಂದರು.

"ಮಗಳು ಪಿಯುಸಿ" ಎಂದರು ನಮ್ಮ ಮನೆಯವರು.

"ಅದಲ್ಲ. ಗಂಡ ಹೆಂಡತಿ ಒಟ್ಟಿಗಿರೋದು. ಏನಾದ್ರೂ ತೊಂದರೆ?"

ಗೋಡೆಯಲ್ಲಿ ಮೂತ್ರಪಿಂಡದ ದೊಡ್ಡ ಚಿತ್ರವಿತ್ತು. ಇವರು ಅದನ್ನೇ ನೋಡುತ್ತ ಕೂತರು. ಡಾಕ್ಟರು ಕಾದರು. ಹೊರಗೆ ಇನ್ನೂ ಹತ್ತಾರು ಜನ ಕೂತಿದ್ದಾರೆ, ಈ ಮನುಷ್ಯ ಇನ್ನೊಂದು ನಿಮಿಷದಲ್ಲಿ ಚೀಟಿ ಬರೆದು ಕಳಿಸಿಬಿಡುತ್ತಾರೆ, ಆಮೇಲೆ ಮತ್ತೆ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡು ಮನೆಗೆ ಹೋಗುತ್ತೇವೆ ಎಂದು ನನಗೆ ಭಯವಾಯಿತು.

"ಹೋದ ಮಳೆಗಾಲದಿಂದ ಇಲ್ಲ ಡಾಕ್ಟ್ರೇ" ಎಂದೆ. "ಇವ್ರಿಗೆ ಆಗ್ತಾ ಇಲ್ಲ."

ಡಾಕ್ಟರಿಗೆ ಏನೂ ಆಶ್ಚರ್ಯವಾಗಲಿಲ್ಲ. ಬೆನ್ನುನೋವು ಎಂದು ಹೇಳಿದ್ದರೂ ಅಷ್ಟೇ ಶಾಂತವಾಗಿ ಬರೆದುಕೊಳ್ಳುತ್ತಿದ್ದರೇನೋ. "ನಿಮಿರುವಿಕೆ ತೊಂದರೆ. ಶುಗರ್ ಇರೋರಲ್ಲಿ ತುಂಬಾ ಜನಕ್ಕೆ ಇದೆ. ಹೇಳೋರು ಕಡಿಮೆ" ಎಂದರು. ಆಮೇಲೆ ಇವರ ಕಡೆಗೇ ತಿರುಗಿ ವಿವರಿಸಿದರು. "ನೋಡಿ, ಅಲ್ಲಿಗೆ ರಕ್ತ ಹರಿದು ಬಂದು ನಿಲ್ಬೇಕು. ಅಲ್ಲಿನ ರಕ್ತನಾಳ ಸಣ್ಣವು. ಶುಗರು, ಬಿಪಿ, ಬೀಡಿ ಎಲ್ಲ ಸೇರಿ ರಕ್ತನಾಳ ಕೆಡೋಕೆ ಶುರುವಾದ್ರೆ ಎಷ್ಟೋ ಸಲ ಮೊದಲು ತಿಳಿಯೋದು ಅಲ್ಲೇ. ಶುಗರ್ ನರಕ್ಕೂ ಪೆಟ್ಟು ಕೊಡುತ್ತೆ. ಇದು ನಿಮ್ಮ ಗಂಡಸುತನದ ಪ್ರಶ್ನೆ ಅಲ್ಲ. ಹೃದಯಕ್ಕೆ ಬರೋ ಮುಂಚೆ ದೇಹ ಒಂದು ಮಾತು ಹೇಳಿದೆ. ಅದಕ್ಕೇ ಹೃದಯಾನೂ ಪರೀಕ್ಷೆ ಮಾಡಿಸ್ಬೇಕು."

ಇವರು ಮೊದಲ ಬಾರಿಗೆ ಬಾಯಿಬಿಟ್ಟರು. "ಮೈಲುತುತ್ತದಿಂದ ಅಲ್ವಾ?"

"ಮೈಲುತುತ್ತದಿಂದ ಹೀಗಾಗೋದಾಗಿದ್ರೆ ಈ ಜಿಲ್ಲೇಲಿ ಮಕ್ಕಳಿಲ್ದೆ ಶಾಲೆಗಳೆಲ್ಲ ಎಂದೋ ಮುಚ್ಚಿ ಹೋಗ್ತಿದ್ವು" ಎಂದು ಡಾಕ್ಟರು ನಕ್ಕರು.

ಅಷ್ಟಾದ ಮೇಲೆ ಒಂದೊಂದೇ ಹೊರಬಂತು. ನನಗೆ ಗೊತ್ತೇ ಇರದಿದ್ದ ಮುಕ್ಕಾಲು ವರ್ಷ ಆ ಕುರ್ಚಿಯ ಮೇಲೆ ಕೂತು ಮಾತಾಡಿತು. ಮೈಲುತುತ್ತದ ಉಷ್ಣ ಒಳಗೆ ಇಳಿದಿದೆ ಎಂದು ಇವರು ತಿಂಗಳುಗಟ್ಟಲೆ ಎಳನೀರು, ಮೆಂತ್ಯದ ನೀರು ಕುಡಿದಿದ್ದರಂತೆ. ಗುಪ್ತರೋಗ, ನರದೌರ್ಬಲ್ಯ ಎಂದು ಗೋಡೆಯ ಮೇಲೆ ಬರೆಸಿದ ಯಾರೋ ಒಬ್ಬನನ್ನು ಲಾಡ್ಜಿನ ರೂಮಿನಲ್ಲಿ ಕಂಡು ಲೇಹ್ಯ ತಂದಿದ್ದರಂತೆ. ಅದನ್ನು ತಿಂದ ದಿನ ಎದೆ ಹೊಡೆದುಕೊಂಡು, ಮುಖ ಕೆಂಪಾಗಿ, ಸತ್ತೇ ಹೋಗುತ್ತೇನೆ ಎನಿಸಿತ್ತಂತೆ. ಆಮೇಲೆ ಕಟಿಂಗ್ ಶಾಪಿನಲ್ಲಿ ಯಾರೋ, ಬಿಪಿ ಮಾತ್ರೆ ನುಂಗಿದರೆ ಗಂಡಸು ಕೆಲಸಕ್ಕೆ ಬಾರದವನಾಗುತ್ತಾನೆ ಎಂದದ್ದು ಕಿವಿಗೆ ಬಿದ್ದು ಅದನ್ನೂ ಬಿಟ್ಟರಂತೆ. ಇದೆಲ್ಲವನ್ನೂ ಒಬ್ಬರೇ ಯೋಚಿಸಿ, ಒಬ್ಬರೇ ನಿರ್ಧಾರ ಮಾಡಿ, ಒಬ್ಬರೇ ಹೆದರಿದ್ದರು. ಅದೇ ಹೊತ್ತಿಗೆ ಕಣದಿಂದ ಇಪ್ಪತ್ತು ಮಾರು ದೂರದ ಮನೆಯೊಳಗೆ ನಾನು ಕೂದಲಿಗೆ ಬಣ್ಣ ಹಚ್ಚುತ್ತಿದ್ದೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಆ ಲೇಹ್ಯದಲ್ಲಿ ಎಷ್ಟೋ ಸಲ ಇಂಗ್ಲಿಷ್ ಮಾತ್ರೇನೇ ಪುಡಿ ಮಾಡಿ ಹಾಕಿರ್ತಾರೆ. ಎಷ್ಟು ಹಾಕಿದಾರೆ ಅಂತ ಹಾಕಿದವನಿಗೂ ಗೊತ್ತಿರಲ್ಲ. ಬಿಪಿ ಮಾತ್ರೆಗಳಲ್ಲಿ ಕೆಲವು ಸ್ವಲ್ಪ ಈ ತೊಂದರೆ ಮಾಡೋದು ನಿಜ. ಬೇರೆ ಬರ್ಕೊಡ್ತೀನಿ. ಆದ್ರೆ ಹೇಳದೆ ಕೇಳದೆ ಬಿಟ್ಟುಬಿಟ್ರೆ ಪಾರ್ಶ್ವವಾಯು ಆಗ್ಬಹುದಿತ್ತು ನಿಮಗೆ. ಇನ್ನೊಂದು ಕಾರಣ ಭಯ. ಒಂದ್ಸಲ ಆಗ್ಲಿಲ್ಲ ಅಂದ್ರೆ ಮುಂದಿನ ಸಲ ಮನಸ್ಸು ಅದನ್ನೇ ನೋಡ್ತಾ ಕೂರುತ್ತೆ. ಹಾಗೆ ಕೂತ್ರೆ ಆಗೋದೂ ಆಗಲ್ಲ" ಎಂದರು ಡಾಕ್ಟರು.

ಮೊದಲು ಶುಗರ್, ಬಿಪಿ ಹತೋಟಿಗೆ ಬರಲಿ, ಬೀಡಿ ಬಿಡಲಿ, ದಿನಾ ನಡೆಯಲಿ, ಹೃದಯದ ಪರೀಕ್ಷೆ ಆಗಲಿ, ಅದಕ್ಕೆಂದೇ ಇರುವ ಮಾತ್ರೆಯನ್ನು ಆಮೇಲೆ ಕೊಡುತ್ತೇನೆ ಎಂದರು. ಮಾತ್ರೆಯಿಂದ ಆಗದಿದ್ದರೆ ಇಂಜೆಕ್ಷನ್ ಇದೆ, ಪಂಪಿನಂಥ ಉಪಕರಣವಿದೆ, ದಾರಿ ಮುಚ್ಚಿಲ್ಲ ಎಂದರು. ಹೊರಡುವಾಗ ಇವರ ಹೆಗಲು ತಟ್ಟಿದರು. ನನಗೆ ಆ ಡಾಕ್ಟರ ಕಾಲಿಗೆ ಬೀಳಬೇಕೆನಿಸಿತು.

ಬಸ್ಸಿನಲ್ಲಿ ಇಬ್ಬರು ಕೂರುವ ಸೀಟು ಖಾಲಿ ಸಿಕ್ಕಿ ನಾನು ಕಿಟಕಿಗೆ ಸರಿದು ಜಾಗ ಬಿಟ್ಟೆ. ನಮ್ಮ ಮನೆಯವರು ಅದನ್ನು ನೋಡಿಯೂ ಮುಂದೆ ಹೋಗಿ ಡ್ರೈವರ್ ಹಿಂದೆ ಕೂತರು. ವಸ್ತಾರೆಯಲ್ಲಿ ಯಾರೋ ಹೆಂಗಸು ಕೋಳಿ ಚೀಲದೊಂದಿಗೆ ನನ್ನ ಪಕ್ಕ ಬಂದು ಕೂತಳು. ಮನೆ ಮುಟ್ಟಿ ಚಪ್ಪಲಿ ಬಿಡುವಾಗ, "ಹೊರಗಿನವರ ಎದುರು ನನ್ನ ಮಾನ ತೆಗೆದೆ" ಎಂದರು. ಎರಡು ವಾರ ಅಷ್ಟೇ ಮಾತು. ನನಗೂ ಸಿಟ್ಟು ಬಂತು. ನಾನು ಬಾಯಿ ಬಿಡದಿದ್ದರೆ ಇವರ ಎದೆಯೋ ತಲೆಯೋ ಒಡೆಯುತ್ತಿತ್ತು. ಇವರು ನೋಡಿದರೆ ಮಾನದ ಲೆಕ್ಕ ಹಾಕುತ್ತಾರೆ. ನಾನೂ ಮಾತು ಬಿಟ್ಟೆ. ಚಟ್ನಿಗೆ ಉಪ್ಪು ಹೆಚ್ಚಾದರೂ ಹೇಳದೆ ತಿಂದು ಎದ್ದರು.

ಈ ನಡುವೆ ಕಾಯಿಲೆ ವಿಚಾರಿಸಲು ಜನ ಬರತೊಡಗಿದರು. ನಮ್ಮ ಕಡೆ ಒಬ್ಬ ಚಿಕ್ಕಮಗಳೂರಿನ ದೊಡ್ಡ ಡಾಕ್ಟರಿಗೆ ತೋರಿಸಿ ಬಂದರೆ ಬ್ರೆಡ್ಡು, ಕಿತ್ತಳೆ ಹಿಡಿದುಕೊಂಡು ನೋಡಲು ಹೋಗದಿದ್ದರೆ ಆಗುವುದಿಲ್ಲ. "ಎಂತ ಆಯ್ತು?" ಎಂದು ಕೇಳಿದವರಿಗೆಲ್ಲ ಇವರು ನೆಟ್ಟಗೆ ಕೂತು, "ಶುಗರ್" ಎನ್ನುತ್ತಿದ್ದರು. ಎಷ್ಟು ಸಲೀಸಾಗಿ ಹೇಳುತ್ತಿದ್ದರೆಂದರೆ ಅದೊಂದು ಪದವಿಯೇನೋ ಅನಿಸಬೇಕು. ಬಂದವರೂ ಖುಷಿಯಿಂದ ತಮ್ಮ ತಮ್ಮ ಶುಗರ್ ಹೇಳಿಕೊಳ್ಳುತ್ತಿದ್ದರು. ಹಾಗಲಕಾಯಿ ರಸ, ಅಮೃತಬಳ್ಳಿ, ರಾಗಿ ರೊಟ್ಟಿ ಎಲ್ಲದರ ಚರ್ಚೆಯಾಗುತ್ತಿತ್ತು. ಜಗಲಿಯಲ್ಲಿ ಕೂತ ಆ ಗಂಡಸರನ್ನು ಕಾಫಿ ಕೊಡುತ್ತ ನೋಡುತ್ತಿದ್ದೆ. ಬಿಪಿ ಇದ್ದವರು, ಶುಗರ್ ಇದ್ದವರು, ಎದೆಗೆ ಸ್ಟೆಂಟ್ ಹಾಕಿಸಿಕೊಂಡವರು. ಡಾಕ್ಟರು ಹೇಳಿದ್ದು ನಿಜವಾದರೆ ಇವರಲ್ಲಿ ಇನ್ನೂ ಎಷ್ಟು ಜನ ಖಾಲಿ ಕಣ ಕಾಯುತ್ತಿದ್ದಾರೋ. ಇವರ ಹೆಂಡತಿಯರೇ ಅಲ್ಲವೇ ನನ್ನ ಅಂಗಡಿಗೆ ಬಂದು ಬ್ಲೌಸಿನ ತೋಳು ಉದ್ದವಾಯಿತೆಂದು ಗಂಟೆಗಟ್ಟಲೆ ಮಾತಾಡುವವರು. ಆಮೇಲೆ ಕೆಲವು ದಿನ ಯಾರ ಎದೆಗೆ ಟೇಪು ಹಿಡಿದರೂ ಕೇಳಿಬಿಡಲೇ ಎನಿಸುತ್ತಿತ್ತು. ಧೈರ್ಯ ಬರಲಿಲ್ಲ.

ಡಾಕ್ಟರು ಹೇಳಿದ್ದನ್ನೆಲ್ಲ ಇವರು ಮಾಡಿದರು, ಅದನ್ನು ಒಪ್ಪಿಕೊಳ್ಳಬೇಕು. ಬೀಡಿ ಬಿಟ್ಟರು. ಮಳೆಯಿದ್ದರೆ ಕೊಡೆ ಹಿಡಿದು ನಡೆದರು. ಹೃದಯಕ್ಕೆ ಸದ್ಯ ಏನೂ ಆಗಿಲ್ಲ ಎಂದು ತಿಳಿಯಿತು. ಗೌರಿ ಹಬ್ಬದ ಸುಮಾರಿಗೆ ಶುಗರ್ ಇಳಿದು ಮುಖದಲ್ಲಿ ಮಾಂಸ ಬಂದು ನಾನು ಪ್ಯಾಂಟಿನ ಹೊಲಿಗೆ ಬಿಚ್ಚಿಕೊಟ್ಟೆ. ಆಗ ಡಾಕ್ಟರು ಆ ಮಾತ್ರೆ ಬರೆದುಕೊಟ್ಟರು. ಹೊಟ್ಟೆ ತುಂಬ ಉಂಡು ನುಂಗಬೇಡಿ, ನುಂಗಿ ಒಂದು ಗಂಟೆ ಬಿಡಿ, ದಿನಕ್ಕೆ ಒಂದರ ಮೇಲೆ ಬೇಡ. ಎದೆನೋವಿಗೆ ನಾಲಿಗೆಯ ಕೆಳಗೆ ಇಡುವ ಮಾತ್ರೆಯನ್ನು ಮುಂದೆಂದಾದರೂ ಯಾರಾದರೂ ಕೊಟ್ಟರೆ ಇದನ್ನು ನುಂಗುವ ವಿಷಯ ಅವರಿಗೆ ಹೇಳಲೇಬೇಕು, ಎರಡೂ ಸೇರಿದರೆ ಪ್ರಾಣಕ್ಕೆ ಅಪಾಯ. "ಮಾತ್ರೆ ಆಸೆ ಹುಟ್ಸಲ್ಲ. ಆಸೆ ನೀವೇ ತರ್ಬೇಕು" ಎಂದು ನಕ್ಕರು. ಗೋಣಿಬೀಡಿನ ಮೆಡಿಕಲ್‌ನಲ್ಲಿ ಕೊಂಡರೆ ಊರಿಗೆ ಗೊತ್ತಾಗುತ್ತದೆ ಎಂದು ಇವರು ಅಲ್ಲೇ ಚಿಕ್ಕಮಗಳೂರಿನಲ್ಲಿ ಕೊಂಡರು.

ಮಾತ್ರೆ ಕೆಲಸ ಮಾಡಿತು. ಮೊದಲ ಸಲ ಮುಗಿದ ಮೇಲೆ ಅವರ ಕಣ್ಣಲ್ಲಿ ನೀರು ಬಂದಿತ್ತು. ನನಗೂ ಬಂತು. ದೇವರೇ, ಇನ್ನು ಎಲ್ಲ ಸರಿಹೋಯಿತು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಅವರು ಎದ್ದು, ತಲೆ ಭಾರ ಅನ್ನುತ್ತ ಕಂಬಳಿ ತೆಗೆದುಕೊಂಡು, ಮಳೆಗಾಲದಲ್ಲೂ ಬಿಡದಿದ್ದ ಕಣದ ಶೆಡ್ಡಿಗೇ ಹೋದರು.

ಅಲ್ಲಿಂದ ಅದೊಂದು ಪದ್ಧತಿಯಾಯಿತು. ಶನಿವಾರ ಒಳಗೆ ಬರುತ್ತಾರೆ. ಅವತ್ತು ಬೆಳಗ್ಗಿನಿಂದಲೇ ಅವರ ನಡಿಗೆ ಬೇರೆ, ಊಟ ಕಡಿಮೆ, ನನ್ನ ಮುಖ ನೋಡುವುದಿಲ್ಲ. ಪರೀಕ್ಷೆ ಬರೆಯಲು ಹೋಗುವ ಹುಡುಗರ ಹಾಗೆ ಬರುತ್ತಾರೆ. ಪಾಸಾಗುತ್ತಾರೆ. ಹೋಗುತ್ತಾರೆ. ಉಳಿದ ದಿನಗಳಲ್ಲಿ ಹೆಗಲ ಮೇಲೆ ಕೈಯಿಲ್ಲ, ಬೆನ್ನಿಗೆ ಬೆನ್ನಿಲ್ಲ. ಕಾಯಿಲೆ ವಾಸಿಯಾಗಿತ್ತು, ನಾನು ಮಾತ್ರ ಮೊದಲಿಗಿಂತ ಹೆಚ್ಚು ಒಂಟಿಯಾದೆ. ಮೊದಲಾದರೆ ಕಾಯಿಲೆ ಎಂಬ ಕಾರಣವಾದರೂ ಇತ್ತು. ಈಗ ಯಾರಿಗೆ ಹೇಳಲಿ? ಹೇಳಿದರೆ, ಇನ್ನೇನು ಬೇಕು ಇವಳಿಗೆ ಎನ್ನುತ್ತಾರೆ. ಡಾಕ್ಟರಿಗೆ ಹೇಳಿದರೂ ಹಾಗೇ ಅನ್ನಬಹುದು ಎಂದು ಹೆದರಿದೆ.

ನವೆಂಬರ್ ಬಂತು. ಗಿಡಗಳಲ್ಲಿ ಅಲ್ಲೊಂದು ಇಲ್ಲೊಂದು ಹಣ್ಣು ಕೆಂಪಾಗತೊಡಗಿತು. ಇನ್ನು ಮೂರು ನಾಲ್ಕು ವಾರದಲ್ಲಿ ಕುಯ್ಲು. ಆಮೇಲೆ ಕಣದಲ್ಲಿ ನಿಜವಾಗಿಯೂ ಕಾಫಿ ಇರುತ್ತದೆ. ಆಗ ಒಳಗೆ ಬನ್ನಿ ಎಂದು ಹೇಳಲು ನನಗೆ ಬಾಯಿರುವುದಿಲ್ಲ, ಮತ್ತೆ ಮಾರ್ಚ್‌ವರೆಗೆ ಊರೇ ಅವರ ಬೆನ್ನಿಗೆ ನಿಲ್ಲುತ್ತದೆ. ಮಾರ್ಚ್ ಹೊತ್ತಿಗೆ ಇಬ್ಬರಿಗೂ ಹೀಗಿರುವುದೇ ರೂಢಿಯಾಗಿಬಿಟ್ಟಿರುತ್ತದೆ. ಕುಯ್ಲಿನ ಮುಂಚೆ ಹೇಳದಿದ್ದರೆ ಮುಂದೆಂದೂ ಹೇಳಲಾರೆ ಎಂದು ನನಗೆ ಖಚಿತವಾಗಿತ್ತು.

ಒಂದು ಭಾನುವಾರ ಅಂಗಡಿಗೆ ರಜೆ. ಇಬ್ಬರೂ ಕಣ ತೊಳೆಯುತ್ತಿದ್ದೆವು. ಮಳೆಗಾಲದ ಪಾಚಿ ಸಿಮೆಂಟಿಗೆ ಅಂಟಿ ಕೂತಿತ್ತು. ಅವರು ಪೈಪಿನಲ್ಲಿ ನೀರು ಬಿಡುತ್ತಿದ್ದರು, ನಾನು ಕಡ್ಡಿಪೊರಕೆಯಲ್ಲಿ ಉಜ್ಜುತ್ತಿದ್ದೆ.

"ರೀ, ಮಾತ್ರೆ ನುಂಗದ ದಿನವೂ ಒಳಗೆ ಬನ್ನಿ" ಎಂದೆ.

ಪೈಪಿನ ನೀರು ಒಂದೇ ಕಡೆ ಬೀಳತೊಡಗಿತು. "ಬಂದು ಎಂತ ಮಾಡೋದು?" ಎಂದರು.

ಕುಹಕವಲ್ಲ. ಸಿಟ್ಟೂ ಅಲ್ಲ. ನಿಜಕ್ಕೂ ಗೊತ್ತಿಲ್ಲದೆ ಕೇಳಿದ್ದರು. ಇಪ್ಪತ್ತು ವರ್ಷ ಜೊತೆಯಲ್ಲಿ ಮಲಗಿದ ಮನುಷ್ಯ.

"ಗೊರಕೆ ಹೊಡೀರಿ" ಎಂದೆ. "ಕಾಲು ಚಾಚಿ. ನನ್ನ ಹೊದಿಕೆ ಎಳ್ಕೊಳಿ. ಎಂತ ಮಾಡ್ತಿದ್ರಿ ಮೊದ್ಲು?"

ಅವರು ಪೈಪನ್ನು ಕೆಳಗೆ ಹಾಕಿ ನಲ್ಲಿ ನಿಲ್ಲಿಸಿ ಬಂದರು. ಕಣದ ಕಟ್ಟೆಯ ಮೇಲೆ ಕೂತು ಒದ್ದೆ ಕೈಯನ್ನು ಪಂಚೆಗೆ ಒರೆಸುತ್ತಲೇ ಇದ್ದರು. "ನಿನ್ ಪಕ್ಕ ಮಲಗಿದ್ರೆ ನಂಗೆ ಭಯ ಮಾರಾಯ್ತಿ" ಎಂದರು. "ನೀನು ಕಾಯ್ತಾ ಇದ್ದೀಯ ಅನ್ಸುತ್ತೆ. ಕತ್ಲಲ್ಲಿ ನೀನು ಸುಮ್ನೆ ಮಗ್ಗಲು ಬದ್ಲಾಯಿಸಿದ್ರೂ ಕೇಳ್ತಾ ಇದ್ದೀಯ 'ಇವತ್ತಾದ್ರೂ ಆಗುತ್ತಾ' ಅಂತ. ಕಣದಲ್ಲಿ ಯಾರೂ ಕಾಯಲ್ಲ ನನ್ನ."

ನಾನು ಕಾಯುತ್ತಿದ್ದದ್ದು ನಿಜ. ಆದರೆ ಅವರು ತಿಳಿದದ್ದನ್ನಲ್ಲ. ಅದನ್ನು ಹೇಳಿದೆ. ಹೇಗೆ ಹೇಳಿದೆನೋ, ಅರ್ಧ ಅಳು, ಅರ್ಧ ಬೈಗುಳ. ಡಾಕ್ಟರ ಮಾತ್ರೆ ಇಲ್ಲದೆ ಮಾಡಬಹುದಾದ ಕೆಲಸ ನೂರು ಇವೆ, ಅದರಲ್ಲಿ ಒಂದನ್ನೂ ನೀವು ಮಾಡಲಿಲ್ಲ ಎಂದೆ. ಕೇಳಿಸಿಕೊಂಡರು. ಎದ್ದು ಮತ್ತೆ ಪೈಪು ಹಿಡಿದರು. ಉಳಿದ ಕಣವನ್ನು ತೊಳೆದು ಮುಗಿಸಿದೆವು.

ಮಧ್ಯಾಹ್ನ ಮೀನು ಸಾರಿನ ಊಟ. ಊಟವಾದ ಮೇಲೆ ಅವರು ಶೆಡ್ಡಿನ ಕಡೆ ಹೋಗಲಿಲ್ಲ. ಸ್ವಲ್ಪ ಹೊತ್ತು ಜಗಲಿಯಲ್ಲಿ ನಿಂತಿದ್ದು, ಒಳಗೆ ಬಂದು ಮಂಚದ ಗೋಡೆ ಬದಿಗೆ, ಇದ್ದ ಬಟ್ಟೆಯಲ್ಲೇ, ಗೋಡೆಗೆ ಮುಖ ಮಾಡಿ ಮಲಗಿದರು. ಬಸ್ಸಿನಲ್ಲಿ ಗುರುತಿಲ್ಲದವರ ಪಕ್ಕ ಕೂತ ಹಾಗೆ ಮೈ ಬಿಗಿಹಿಡಿದಿದ್ದರು. ನಾನು ಪಾತ್ರೆ ತೊಳೆಯುವುದನ್ನು ಬಿಟ್ಟು ಹೋಗಿ ಇನ್ನೊಂದು ಬದಿಯಲ್ಲಿ ಮಲಗಿದೆ. ಕಿಟಕಿಯಿಂದ ಬಿಸಿಲು ಬರುತ್ತಿತ್ತು. ಅವರ ಬೆನ್ನಿನ ಮೇಲೆ ಕೈಯಿಟ್ಟೆ.

ಶರ್ಟಿನೊಳಗೆ ಬೆನ್ನು ಸೆಟೆದು ಹಲಗೆಯಾಯಿತು.

"ಇವತ್ತು ಮಾತ್ರೆ ನುಂಗಿಲ್ಲ" ಎಂದರು. ತಪ್ಪು ಮಾಡಿ ಕ್ಷಮೆ ಕೇಳುವವರ ದನಿ.

"ಗೊತ್ತು" ಎಂದೆ.

ಅವರು ತಿರುಗಲಿಲ್ಲ, ಎದ್ದು ಹೋಗಲೂ ಇಲ್ಲ. ನಾನು ಕೈ ತೆಗೆಯಲಿಲ್ಲ.